ಸಣ್ಣ ಗಣಕಯಂತ್ರದ ಕಾವು: ಲೆಕ್ಕಪುಸ್ತಕಕ್ಕೆ ಬಾರದ ನಷ್ಟ

ಮಳಿಗೆಯ ಬಿಲ್ಲಿಂಗ್ ಮೇಜು, ಗೋದಾಮಿನ ದಾಸ್ತಾನು ಎಣಿಕೆ, ಕಾರ್ಖಾನೆಯ ಯಂತ್ರಗಳ ನಿಗಾ, ಲಾರಿಗಳನ್ನು ತೂಗುವ ವೇಬ್ರಿಜ್, ಇಂತಹ ಕಡೆಗಳಲ್ಲಿ ಹಿಂದೆ ಪೂರ್ಣ ಪ್ರಮಾಣದ ಗಣಕಯಂತ್ರವೊಂದನ್ನು ಇರಿಸುವುದು ವಾಡಿಕೆಯಾಗಿತ್ತು. ಇಂದು ಅನೇಕ ಉದ್ದಿಮೆಗಳಲ್ಲಿ ಆ ಕೆಲಸವನ್ನು ಅಂಗೈಯಗಲದ ಒಂದು ಫಲಕವೇ ನಿರ್ವಹಿಸುತ್ತಿದೆ. ಪ್ರೊಸೆಸರ್, ಸ್ಮರಣೆ, ಜಾಲಸಂಪರ್ಕ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಕೂರಿಸಿರುವ ಈ ಯಂತ್ರಕ್ಕೆ ಸಿಂಗಲ್ ಬೋರ್ಡ್ ಕಂಪ್ಯೂಟರ್ ಎಂದು ಹೆಸರು. ಬೆಲೆ ಕಡಿಮೆ, ವಿದ್ಯುತ್ ಖರ್ಚು ಅಲ್ಪ, ಜಾಗವೂ ಹೆಚ್ಚು ಬೇಡ ಎಂಬ ಮೂರು ಕಾರಣಗಳಿಂದ ಸಣ್ಣ ಹಾಗೂ ಮಧ್ಯಮ ಉದ್ಯಮಿಗಳು ಇದರತ್ತ ಒಲವು ತೋರಿರುವುದು ಸಹಜವೇ ಆಗಿದೆ.

ಆದರೆ ಈ ಯಂತ್ರಗಳನ್ನು ಅಳವಡಿಸಿಕೊಂಡ ಕಡೆಗಳಲ್ಲಿ ಒಂದು ದೂರು ಸಾಮಾನ್ಯ. ಬೆಳಿಗ್ಗೆ ಚುರುಕಾಗಿ ಕೆಲಸ ಮಾಡುವ ಯಂತ್ರ ಮಧ್ಯಾಹ್ನದ ಹೊತ್ತಿಗೆ ಮಂದವಾಗುತ್ತದೆ. ಚಳಿಗಾಲದಲ್ಲಿ ತೊಂದರೆ ಕೊಡದಿದ್ದುದು ಏಪ್ರಿಲ್ ತಿಂಗಳಲ್ಲಿ ತಡವರಿಸುತ್ತದೆ. ಮಾಲೀಕರು ತಂತ್ರಾಂಶವನ್ನು ದೂರುತ್ತಾರೆ, ಗುಮಾಸ್ತರನ್ನು ಗದರಿಸುತ್ತಾರೆ, ಕೊನೆಗೆ ಇನ್ನೊಂದು ಯಂತ್ರವನ್ನೇ ಕೊಳ್ಳುತ್ತಾರೆ. ನಿಜವಾದ ಕಾರಣ ಅನೇಕ ವೇಳೆ ಕಾವು ಮಾತ್ರ. ಈ ಕಾವು ಎಲ್ಲಿಂದ ಬರುತ್ತದೆ, ಅದನ್ನು ಅಳೆಯುವುದು ಹೇಗೆ, ಕಡಿಮೆ ಖರ್ಚಿನಲ್ಲಿ ನಿವಾರಿಸುವುದು ಹೇಗೆ ಮತ್ತು ಆ ಖರ್ಚನ್ನು ಲೆಕ್ಕಪತ್ರದಲ್ಲಿ ಹೇಗೆ ತೋರಿಸಬೇಕು ಎಂಬ ವಿಷಯಗಳನ್ನು ಮುಂದೆ ವಿವರಿಸಲಾಗಿದೆ. ಈ ಬಗೆಯ ಯಂತ್ರಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವ ರಾಸ್‌ಬೆರಿ ಪೈ ಬೋರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ತತ್ತ್ವವು ಇತರ ಬೋರ್ಡುಗಳಿಗೂ ಅನ್ವಯಿಸುತ್ತದೆ.

1. ಕಾವು ಹೆಚ್ಚಿದ್ದು ಹೇಗೆ?

ಗಣಕಯಂತ್ರವು ಬಳಸುವ ವಿದ್ಯುತ್ತೆಲ್ಲವೂ ಬಹುಮಟ್ಟಿಗೆ ಶಾಖವಾಗಿಯೇ ಹೊರಬರುತ್ತದೆ. 5 ವ್ಯಾಟ್ ವಿದ್ಯುತ್ ಬಳಸುವ ಬೋರ್ಡು ಸರಿಸುಮಾರು 5 ವ್ಯಾಟ್‌ನಷ್ಟು ಶಾಖವನ್ನು ತನ್ನ ಸುತ್ತಲಿನ ಗಾಳಿಗೆ ಬಿಡಲೇಬೇಕು. ಮೊತ್ತ ಚಿಕ್ಕದಾಗಿ ಕಂಡರೂ ಅದರ ಹೆಚ್ಚಿನ ಪಾಲು ಹುಟ್ಟುವುದು ಬೆರಳಿನುಗುರಿನಷ್ಟು ಅಗಲದ ಒಂದು ಚಿಪ್ಪಿನೊಳಗೆ ಎಂಬುದನ್ನು ಮರೆಯಬಾರದು. ಅಷ್ಟು ಕಿರಿದಾದ ಜಾಗದಿಂದ ಶಾಖ ಬೇಗನೆ ಹೊರಹೋಗಲು ದಾರಿ ಇಲ್ಲದಿದ್ದರೆ ತಾಪಮಾನ ಏರುತ್ತಲೇ ಹೋಗುತ್ತದೆ.

ರಾಸ್‌ಬೆರಿ ಪೈ ಮೊದಲು ಮಾರುಕಟ್ಟೆಗೆ ಬಂದದ್ದು 2012ರ ಫೆಬ್ರವರಿ 29ರಂದು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ, ವಿದ್ಯಾರ್ಥಿಗಳಿಗೆ ಅಗ್ಗದ ಗಣಕಯಂತ್ರ ಒದಗಿಸಬೇಕೆಂಬ ಉದ್ದೇಶದಿಂದ ರೂಪುಗೊಂಡ ಈ ಬೋರ್ಡಿನ ಆಗಿನ ಬೆಲೆ 35 ಡಾಲರ್. ಅದರ ಪ್ರೊಸೆಸರ್‌ನ ವೇಗ 700 ಮೆಗಾಹರ್ಟ್ಸ್. ಅದಕ್ಕೆ ಫ್ಯಾನಾಗಲಿ ಲೋಹದ ಹೊದಿಕೆಯಾಗಲಿ ಬೇಕಾಗಿರಲಿಲ್ಲ. 2016ರ ಪೈ 3 ಮಾದರಿಯಲ್ಲಿ ನಾಲ್ಕು ಕೋರ್‌ಗಳು 1.2 ಗಿಗಾಹರ್ಟ್ಸ್ ವೇಗದಲ್ಲಿ ಕೆಲಸ ಮಾಡತೊಡಗಿದವು. 2018ರ ಪೈ 3 ಬಿ ಪ್ಲಸ್ ಮಾದರಿಯಲ್ಲಿ ಶಾಖವನ್ನು ಹರಡಲೆಂದೇ ಚಿಪ್ಪಿನ ಮೇಲೆ ಲೋಹದ ಮುಚ್ಚಳ ಬಂದಿತು. 2019ರ ಜೂನ್‌ನಲ್ಲಿ ಬಂದ ಪೈ 4ರ ವೇಗ 1.5 ಗಿಗಾಹರ್ಟ್ಸ್. ಸುತ್ತ ಮುಚ್ಚಿದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಇದು ಸತತವಾಗಿ ದುಡಿದಾಗ ಕಾವೇರುವ ದೂರುಗಳು ಕೇಳಿಬಂದವು. ತಯಾರಕರು ಫರ್ಮ್‌ವೇರ್ ಸುಧಾರಣೆಯಿಂದ ವಿದ್ಯುತ್ ಬಳಕೆಯನ್ನು ತಗ್ಗಿಸಿದರು ಮತ್ತು 2020ರ ಕೊನೆಯಲ್ಲಿ ಪೆಟ್ಟಿಗೆಗೆ ಹೊಂದುವ ಫ್ಯಾನನ್ನೂ ಹೊರತಂದರು. 2023ರ ಪೈ 5ರ ವೇಗ 2.4 ಗಿಗಾಹರ್ಟ್ಸ್. ಅದರಲ್ಲಿ ಫ್ಯಾನಿಗೆಂದೇ ಪ್ರತ್ಯೇಕ ಜೋಡಣಾ ಸ್ಥಾನವಿದೆ. ಲೋಹದ ರೆಕ್ಕೆ ಹಾಗೂ ಫ್ಯಾನು ಸೇರಿದ ಆಕ್ಟಿವ್ ಕೂಲರ್ ಎಂಬ ಜೊತೆಸಾಮಗ್ರಿಯೂ ಬೋರ್ಡಿನೊಂದಿಗೇ ಮಾರುಕಟ್ಟೆಗೆ ಬಂದಿತು.

ಈ ಹನ್ನೊಂದು ವರ್ಷಗಳ ಇತಿಹಾಸದಿಂದ ಗ್ರಾಹಕರು ತಿಳಿಯಬೇಕಾದದ್ದು ಒಂದೇ. ಶಕ್ತಿ ಹೆಚ್ಚಿದಂತೆ ತಂಪಿನ ಏರ್ಪಾಡು ಐಚ್ಛಿಕ ಅಲಂಕಾರವಾಗಿ ಉಳಿಯದೆ ಯಂತ್ರದ ಅವಿಭಾಜ್ಯ ಅಂಗವಾಗಿದೆ. ಬೋರ್ಡಿನ ಬೆಲೆಯನ್ನಷ್ಟೇ ನೋಡಿ ಖರೀದಿ ಆದೇಶ ನೀಡುವವರು ವೆಚ್ಚದ ಒಂದು ಬಾಬನ್ನು ಮರೆತಂತೆಯೇ ಸರಿ.

2. ಮಂದಗತಿ ಎಂಬುದು ಕೆಡುಕಲ್ಲ, ಕಾವಲು

ಪೈ ಬೋರ್ಡಿನ ಚಿಪ್ಪಿನೊಳಗೆ ತಾಪಮಾನ ಅಳೆಯುವ ಸಂವೇದಕವಿದೆ. ತಾಪಮಾನ 80 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಕೂಡಲೇ ಬೋರ್ಡು ತನ್ನ ವೇಗವನ್ನು ಹಂತ ಹಂತವಾಗಿ ತಾನೇ ತಗ್ಗಿಸಿಕೊಳ್ಳುತ್ತದೆ. 85 ಡಿಗ್ರಿಗೆ ತಲುಪಿದರೆ ಚಿತ್ರ ಸಂಸ್ಕರಣೆಯ ಭಾಗವೂ ಸೇರಿದಂತೆ ವೇಗ ಇನ್ನಷ್ಟು ಇಳಿಯುತ್ತದೆ. ಪೈ 3 ಬಿ ಪ್ಲಸ್ ಮಾದರಿಯಲ್ಲಿ ಇದಕ್ಕೂ ಮುಂಚೆ, 60 ಡಿಗ್ರಿಯಲ್ಲಿಯೇ, ಒಂದು ಮೃದು ಮಿತಿ ಇದೆ. ಅಲ್ಲಿ ವೇಗ 1.4ರಿಂದ 1.2 ಗಿಗಾಹರ್ಟ್ಸ್‌ಗೆ ಇಳಿಯುತ್ತದೆ. ಈ ಕ್ರಿಯೆಗೆ ಥ್ರಾಟ್ಲಿಂಗ್ ಎನ್ನುತ್ತಾರೆ.

ಇದು ಯಂತ್ರವನ್ನು ಉಳಿಸಲು ಮಾಡಿರುವ ಕಾವಲು ವ್ಯವಸ್ಥೆ. ಆದುದರಿಂದಲೇ ಕಾವಿಗೆ ಬೋರ್ಡು ಸುಟ್ಟುಹೋಗುವ ಪ್ರಸಂಗ ಅಪರೂಪ. ಆದರೆ ವ್ಯಾಪಾರದ ದೃಷ್ಟಿಯಿಂದ ಇದರಲ್ಲಿಯೇ ಒಂದು ಅಪಾಯ ಅಡಗಿದೆ. ಕೆಟ್ಟು ನಿಂತ ಯಂತ್ರ ಎಲ್ಲರ ಕಣ್ಣಿಗೆ ಬೀಳುತ್ತದೆ, ದುರಸ್ತಿಯ ಬಿಲ್ಲು ಬರುತ್ತದೆ, ಅದು ಖರ್ಚಿನ ಖಾತೆಗೆ ಸೇರುತ್ತದೆ. ನಿಧಾನವಾದ ಯಂತ್ರ ಹಾಗಲ್ಲ. ಅದು ಕೆಲಸ ಮಾಡುತ್ತಲೇ ಇರುತ್ತದೆ. ಸರದಿಯಲ್ಲಿ ನಿಂತ ಗ್ರಾಹಕನ ಕಾಯುವಿಕೆ, ಗುಮಾಸ್ತರ ವ್ಯರ್ಥವಾದ ನಿಮಿಷಗಳು, ಗೇಟಿನಲ್ಲಿ ನಿಂತ ಲಾರಿಯ ವಿಳಂಬ ಇವುಗಳಿಗೆ ವೋಚರ್ ಇರುವುದಿಲ್ಲ. ಇದು ಯಾವ ಖಾತೆಗೂ ಬಾರದ ನಷ್ಟ. ಮೇಲಾಗಿ ಹೊರಗಿನ ಬಿಸಿಲು ಮತ್ತು ಕೆಲಸದ ಒತ್ತಡ ಎರಡೂ ಹೆಚ್ಚಾದ ಹೊತ್ತಿನಲ್ಲಿಯೇ, ಅಂದರೆ ಯಂತ್ರ ಅತ್ಯಂತ ಅಗತ್ಯವಾದಾಗಲೇ, ಈ ಮಂದಗತಿ ಉಂಟಾಗುತ್ತದೆ.

3. ಖರ್ಚಿಗೆ ಮುನ್ನ ಅಳತೆ

ರೋಗನಿದಾನವಿಲ್ಲದೆ ಔಷಧಿ ಕೊಳ್ಳುವುದು ಜಾಣತನವಲ್ಲ. ಪೈ ಬೋರ್ಡಿನಲ್ಲಿ ವಿಸಿಜೆನ್‌ಸಿಎಂಡಿ ಎಂಬ ಆದೇಶ ಅಡಕವಾಗಿದೆ. ಅದಕ್ಕೆ ಮೆಷರ್ ಟೆಂಪ್ ಎಂಬ ಪದವನ್ನು ಜೋಡಿಸಿ ಕೊಟ್ಟರೆ ಆ ಕ್ಷಣದ ತಾಪಮಾನ ತಿಳಿಯುತ್ತದೆ. ಗೆಟ್ ಥ್ರಾಟಲ್ಡ್ ಎಂದು ಜೋಡಿಸಿದರೆ ವೇಗ ತಗ್ಗಿದೆಯೇ ಇಲ್ಲವೇ ಎಂಬುದು ತಿಳಿಯುತ್ತದೆ. ಲಿನಕ್ಸ್ ಆಧಾರಿತವಾದ ಇತರ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಥರ್ಮಲ್ ಝೋನ್ ಎಂಬ ಹೆಸರಿನ ಕಡತವನ್ನು ತೆರೆದರೆ ತಾಪಮಾನ ಸಿಗುತ್ತದೆ; ಅಲ್ಲಿ ಕಾಣುವ ಸಂಖ್ಯೆಯನ್ನು 1000ದಿಂದ ಭಾಗಿಸಬೇಕು. 61000 ಎಂದಿದ್ದರೆ 61 ಡಿಗ್ರಿ ಎಂದರ್ಥ. ಯಂತ್ರ ಅಳವಡಿಸಿದ ತಂತ್ರಜ್ಞರಿಗೆ ಹೇಳಿ, ಐದು ನಿಮಿಷಕ್ಕೊಮ್ಮೆ ಈ ಸಂಖ್ಯೆಯನ್ನು ದಿನಾಂಕ ಮತ್ತು ವೇಳೆಯೊಂದಿಗೆ ಒಂದು ಕಡತದಲ್ಲಿ ತಾನಾಗಿಯೇ ಬರೆದಿಡುವಂತೆ ಮಾಡಿಸಿಕೊಳ್ಳಬಹುದು. ಒಂದು ವಾರದ ದಾಖಲೆ ಇದ್ದರೆ ನಿರ್ಧಾರ ಕೈಗೊಳ್ಳಲು ಸಾಕು.

ಗೆಟ್ ಥ್ರಾಟಲ್ಡ್ ಆದೇಶಕ್ಕೆ ಬರುವ ಉತ್ತರ ಸೊನ್ನೆಯಾಗಿದ್ದರೆ ಚಿಂತೆಯಿಲ್ಲ. ಸೊನ್ನೆಯಲ್ಲದಿದ್ದರೆ, ವಿದ್ಯುತ್ ಒತ್ತಡ ಕಡಿಮೆಯಾಗಿದೆ, ವೇಗಕ್ಕೆ ಮಿತಿ ಬಿದ್ದಿದೆ, ವೇಗ ತಗ್ಗಿದೆ, ಮೃದು ತಾಪಮಿತಿ ಮುಟ್ಟಿದೆ ಎಂಬ ನಾಲ್ಕು ಸ್ಥಿತಿಗಳಲ್ಲಿ ಯಾವುದು ಈಗ ಇದೆ ಮತ್ತು ಯಂತ್ರ ಚಾಲೂ ಆದಂದಿನಿಂದ ಯಾವುದು ಒಮ್ಮೆಯಾದರೂ ಘಟಿಸಿದೆ ಎಂಬುದನ್ನು ಆ ಸಂಖ್ಯೆ ಸೂಚಿಸುತ್ತದೆ. ಇಲ್ಲಿ ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು.

ಮೊದಲನೆಯದು, ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡಿದರೆ ಈ ಹಿಂದಿನ ದಾಖಲೆ ಅಳಿಸಿಹೋಗುತ್ತದೆ. ತೊಂದರೆ ಬಂದೊಡನೆ ಸಿಬ್ಬಂದಿ ಮಾಡುವ ಮೊದಲ ಕೆಲಸವೇ ಸ್ವಿಚ್ಚನ್ನು ಆರಿಸಿ ಹಾಕುವುದು. ಅದರಿಂದ ಬೋರ್ಡು ಸ್ವಲ್ಪ ತಣ್ಣಗಾಗಿ ತಾತ್ಕಾಲಿಕವಾಗಿ ಚುರುಕೂ ಆಗುತ್ತದೆ, ಸಾಕ್ಷ್ಯವೂ ನಾಶವಾಗುತ್ತದೆ. ಆದುದರಿಂದ ಆರಿಸುವ ಮುನ್ನ ಈ ಸಂಖ್ಯೆಯನ್ನು ಬರೆದುಕೊಳ್ಳುವ ಶಿಸ್ತನ್ನು ಸಿಬ್ಬಂದಿಗೆ ಕಲಿಸಬೇಕು.

ಎರಡನೆಯದು, ವೇಗ ತಗ್ಗಲು ಕಾವೊಂದೇ ಕಾರಣವಲ್ಲ. ಬೋರ್ಡಿಗೆ ಬರುವ ವಿದ್ಯುತ್ ಒತ್ತಡ 5 ವೋಲ್ಟ್ ಇರಬೇಕಾದಲ್ಲಿ ಸುಮಾರು 4.63 ವೋಲ್ಟ್‌ಗಿಂತ ಕೆಳಗಿಳಿದರೂ ಬೋರ್ಡು ಎಚ್ಚರಿಕೆ ನೀಡಿ ವೇಗ ತಗ್ಗಿಸಿಕೊಳ್ಳಬಹುದು. ಹಳೆಯ ಮೊಬೈಲ್ ಚಾರ್ಜರ್ ಮತ್ತು ತೆಳುವಾದ ಉದ್ದನೆಯ ತಂತಿ ಬಳಸುವ ಕಡೆ ಇದು ಸಾಮಾನ್ಯ. ಪೈ 4ಕ್ಕೆ 3 ಆಂಪಿಯರ್, ಪೈ 5ಕ್ಕೆ 5 ಆಂಪಿಯರ್ ಒದಗಿಸಬಲ್ಲ ಅಡಾಪ್ಟರನ್ನು ತಯಾರಕರು ಸೂಚಿಸುತ್ತಾರೆ. ದೋಷ ಅಡಾಪ್ಟರಿನಲ್ಲಿದ್ದರೆ ಎಷ್ಟು ಫ್ಯಾನು ಕೂರಿಸಿದರೂ ಪ್ರಯೋಜನವಾಗದು.

4. ಏರಿಕೆಯ ಲೆಕ್ಕ

ಚಿಪ್ಪಿನ ತಾಪಮಾನವೆಂದರೆ ಸುತ್ತಲಿನ ಗಾಳಿಯ ತಾಪಮಾನಕ್ಕೆ ಬೋರ್ಡಿನ ಸ್ವಂತ ಏರಿಕೆಯನ್ನು ಕೂಡಿಸಿದ ಮೊತ್ತ. ಕೊಂಡ ಬೆಲೆಯ ಮೇಲೆ ನಿಗದಿತ ಮೊತ್ತವನ್ನು ಸೇರಿಸಿ ಮಾರಾಟ ಬೆಲೆ ನಿರ್ಧರಿಸುವ ವರ್ತಕರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕೆಲಸದ ಹೊರೆ ಒಂದೇ ಆಗಿದ್ದರೆ ಏರಿಕೆಯೂ ಸರಿಸುಮಾರು ಒಂದೇ, ಬದಲಾಗುವುದು ಬುನಾದಿ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಬೇಳೆ ಮಿಲ್ಲೊಂದರ ವೇಬ್ರಿಜ್ ಬಳಿ, ಲಾರಿಯ ನಂಬರ್ ಪ್ಲೇಟನ್ನು ಕ್ಯಾಮೆರಾದಿಂದ ಓದಿ ತೂಕದ ಚೀಟಿ ಮುದ್ರಿಸುವ ಬೋರ್ಡೊಂದು ಮುಚ್ಚಿದ ಪೆಟ್ಟಿಗೆಯಲ್ಲಿದೆ ಎಂದು ಇಟ್ಟುಕೊಳ್ಳಬಹುದು. ಬೆಳಿಗ್ಗೆ ಪೆಟ್ಟಿಗೆಯೊಳಗಿನ ಗಾಳಿ 27 ಡಿಗ್ರಿ ಇದ್ದಾಗ ಚಿಪ್ಪಿನ ತಾಪಮಾನ 60 ಡಿಗ್ರಿ. ಅಂದರೆ ಏರಿಕೆ 33 ಡಿಗ್ರಿ. ಮಧ್ಯಾಹ್ನ ಹೊರಗೆ 41 ಡಿಗ್ರಿ ಇದ್ದು, ಪೆಟ್ಟಿಗೆಯೊಳಗೆ 50 ಡಿಗ್ರಿ ಆಯಿತೆಂದರೆ ಚಿಪ್ಪು 83 ಡಿಗ್ರಿಯತ್ತ ಹೋಗುತ್ತದೆ. 80ರ ಮಿತಿ ದಾಟುವುದರಿಂದ ವೇಗ ತಗ್ಗುತ್ತದೆ. ಬೆಳಿಗ್ಗೆ ಪರೀಕ್ಷಿಸಿ ಎಲ್ಲವೂ ಸರಿಯಾಗಿದೆ ಎಂದು ಹೇಳಿಹೋದ ತಂತ್ರಜ್ಞರು ಸುಳ್ಳಾಡಿದಂತಾಗಲಿಲ್ಲ. ಅವರು ಬುನಾದಿಯನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ, ಅಷ್ಟೇ.

ಈ ಲೆಕ್ಕದಿಂದ ಎರಡು ನಿವಾರಣಾ ಮಾರ್ಗಗಳು ಸ್ಪಷ್ಟವಾಗುತ್ತವೆ. ಬುನಾದಿಯನ್ನು ಇಳಿಸಬಹುದು ಅಥವಾ ಏರಿಕೆಯನ್ನು ಇಳಿಸಬಹುದು. ನೆರಳು ಮತ್ತು ಗಾಳಿಕಿಂಡಿಯಿಂದ ಪೆಟ್ಟಿಗೆಯೊಳಗಿನ ಗಾಳಿ 45 ಡಿಗ್ರಿಗೆ ಇಳಿದು, ಹೀಟ್ ಸಿಂಕ್‌ನಿಂದ ಏರಿಕೆ 22 ಡಿಗ್ರಿಗೆ ತಗ್ಗಿದರೆ ಚಿಪ್ಪು 67 ಡಿಗ್ರಿಯಲ್ಲಿಯೇ ನಿಲ್ಲುತ್ತದೆ. ಹವಾನಿಯಂತ್ರಿತ ಕೊಠಡಿಯಲ್ಲಿ ಪರೀಕ್ಷೆ ಮಾಡುವವರು ತಮ್ಮ ಬೋರ್ಡಿನ ಏರಿಕೆಯನ್ನು ಕಂಡುಕೊಂಡು, ಅದಕ್ಕೆ ಬೋರ್ಡು ಮುಂದೆ ಇರಲಿರುವ ಸ್ಥಳದ ಕಡು ಬೇಸಿಗೆಯ ತಾಪಮಾನವನ್ನು ಕೂಡಿಸಿ ನೋಡಬೇಕು. ಬೆಂಗಳೂರಿನಲ್ಲಿ ಪರೀಕ್ಷೆಗೊಂಡ ವ್ಯವಸ್ಥೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಲ್ಲಿ ಮುಗ್ಗರಿಸುವುದಕ್ಕೆ ಈ ಕೂಡಿಕೆಯನ್ನು ಮಾಡದಿರುವುದೇ ಕಾರಣ. ಪೈ 4ನ್ನು ಬಳಸಬೇಕಾದ ಪರಿಸರದ ತಾಪಮಾನವನ್ನು ತಯಾರಕರೇ 0ಯಿಂದ 50 ಡಿಗ್ರಿ ಎಂದು ನಿಗದಿಪಡಿಸಿರುವುದೂ ಗಮನಾರ್ಹ. ಪರಿಸರವೆಂದರೆ ಊರಿನ ಹವೆಯಲ್ಲ, ಬೋರ್ಡನ್ನು ಸುತ್ತುವರಿದ ಪೆಟ್ಟಿಗೆಯೊಳಗಿನ ಗಾಳಿ.

5. ನಿವಾರಣೋಪಾಯಗಳು: ಅಗ್ಗದ್ದರಿಂದ ಆರಂಭಿಸಿ

ಸ್ಥಳ ಬದಲಾವಣೆ: ಇದಕ್ಕೆ ಖರ್ಚಿಲ್ಲ. ಯುಪಿಎಸ್, ಸ್ಟೆಬಿಲೈಸರ್, ಪ್ರಿಂಟರ್ ಮುಂತಾದ ಬಿಸಿ ಉಪಕರಣಗಳ ಮೇಲಿಂದ ಬೋರ್ಡನ್ನು ತೆಗೆದು ಬೇರೆಡೆ ಇರಿಸಬೇಕು. ಮಲಗಿಸುವ ಬದಲು ಗೋಡೆಗೆ ನಿಲ್ಲಿಸಿ ಕೂರಿಸಿದರೆ ಎರಡೂ ಮುಖಗಳಿಗೆ ಗಾಳಿ ತಗಲುತ್ತದೆ. ಬಿಸಿ ಗಾಳಿ ಹಗುರವಾದುದರಿಂದ ತಾನಾಗಿ ಮೇಲೇರಿ ಕೆಳಗಿನಿಂದ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಪೆಟ್ಟಿಗೆಗೆ ಕಿಂಡಿ ಕೊರೆಯುವುದಾದರೂ ಕೆಳಗೊಂದು ಮೇಲೊಂದು ಇರಬೇಕು. ಒಂದೇ ಕಿಂಡಿಯಿಂದ ಗಾಳಿಯ ಹರಿವು ಉಂಟಾಗದು.

ಬಿಸಿಲಿನಿಂದ ರಕ್ಷಣೆ: ಮಧ್ಯಾಹ್ನದ ನೇರ ಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಶಕ್ತಿಯನ್ನು ತರುತ್ತದೆ. 20 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಅಗಲದ ಪೆಟ್ಟಿಗೆಯ ಮುಖದ ವಿಸ್ತೀರ್ಣ 0.03 ಚದರ ಮೀಟರ್. ಅದರ ಮೇಲೆ ನೇರವಾಗಿ ಬೀಳುವ ಶಾಖ 30 ವ್ಯಾಟ್. ಒಳಗಿರುವ ಬೋರ್ಡು ಹುಟ್ಟಿಸುವುದು 5 ಅಥವಾ 6 ವ್ಯಾಟ್ ಮಾತ್ರ. ಕಪ್ಪು ಬಣ್ಣದ ಪೆಟ್ಟಿಗೆಯಾದರೆ ಈ 30 ವ್ಯಾಟ್‌ನ ಬಹುಪಾಲನ್ನು ಹೀರಿಕೊಳ್ಳುತ್ತದೆ. ಅಂದರೆ ಬಿಸಿಲಿನಲ್ಲಿಟ್ಟ ಬೋರ್ಡಿಗೆ ಮೊದಲು ಬೇಕಾದದ್ದು ಫ್ಯಾನಲ್ಲ, ನೆರಳು. ಬಿಳಿ ಬಣ್ಣ, ಮೇಲೊಂದು ತಗಡಿನ ಚಪ್ಪರ, ಚಪ್ಪರಕ್ಕೂ ಪೆಟ್ಟಿಗೆಗೂ ನಡುವೆ ನಾಲ್ಕು ಬೆರಳಿನ ಅಂತರ ಇಷ್ಟರಿಂದಲೇ ಬಹಳಷ್ಟು ಸುಧಾರಣೆ ಸಾಧ್ಯ.

ಹೀಟ್ ಸಿಂಕ್: ರೆಕ್ಕೆಗಳಿರುವ ಅಲ್ಯೂಮಿನಿಯಂ ಅಥವಾ ತಾಮ್ರದ ತುಂಡನ್ನು ಚಿಪ್ಪಿನ ಮೇಲೆ ಅಂಟಿಸಿದರೆ ಶಾಖ ಬಿಡುವ ಮೈ ಹಲವು ಪಟ್ಟು ಹೆಚ್ಚುತ್ತದೆ. ಅಂಟಿಸುವಾಗ ನಡುವೆ ಥರ್ಮಲ್ ಪೇಸ್ಟ್ ಅಥವಾ ಥರ್ಮಲ್ ಪ್ಯಾಡ್ ಇರಲೇಬೇಕು. ಎರಡು ಮೈಗಳ ನಡುವೆ ಉಳಿಯುವ ಗಾಳಿ ಶಾಖವನ್ನು ಬಹುಮಟ್ಟಿಗೆ ತಡೆಯುತ್ತದೆ ಎಂಬುದೇ ಇದಕ್ಕೆ ಕಾರಣ. ಚಲಿಸುವ ಭಾಗಗಳಿಲ್ಲದಿರುವುದರಿಂದ ಹೀಟ್ ಸಿಂಕ್‌ಗೆ ಸದ್ದಿಲ್ಲ, ವಿದ್ಯುತ್ ಖರ್ಚಿಲ್ಲ, ಸವೆತವೂ ಇಲ್ಲ. ಲೋಹದ ತುಂಡು ಪಕ್ಕದ ಪಿನ್ನುಗಳಿಗೆ ತಗಲದಂತೆ ಮಾತ್ರ ಎಚ್ಚರ ವಹಿಸಬೇಕು.

ಲೋಹದ ಪೆಟ್ಟಿಗೆ: ಅಲ್ಯೂಮಿನಿಯಂನ ಶಾಖವಾಹಕ ಸಾಮರ್ಥ್ಯ ಸಾಮಾನ್ಯ ಪ್ಲಾಸ್ಟಿಕ್‌ಗಿಂತ ಸುಮಾರು ಸಾವಿರ ಪಟ್ಟು ಹೆಚ್ಚು. ಒಳಗಿನ ಕಂಬವೊಂದು ಚಿಪ್ಪಿಗೆ ತಾಗುವಂತೆ ಮಾಡಿರುವ ಅಲ್ಯೂಮಿನಿಯಂ ಪೆಟ್ಟಿಗೆಗಳು ದೊರೆಯುತ್ತವೆ. ಅವುಗಳಲ್ಲಿ ಇಡೀ ಪೆಟ್ಟಿಗೆಯೇ ಹೀಟ್ ಸಿಂಕ್ ಆಗುತ್ತದೆ. ಹತ್ತಿಯ ನಾರು, ಬೇಳೆಯ ಹೊಟ್ಟು, ಹಿಟ್ಟಿನ ಧೂಳು ಹಾರಾಡುವ ಮಿಲ್ಲುಗಳಿಗೆ ಕಿಂಡಿಯಿಲ್ಲದ ಇಂತಹ ಪೆಟ್ಟಿಗೆ ಅತ್ಯಂತ ಸೂಕ್ತ. ಆದರೆ ಲೋಹದ ಪೆಟ್ಟಿಗೆ ವೈಫೈ ಸಂಕೇತವನ್ನು ಕುಗ್ಗಿಸುತ್ತದೆಯಾದುದರಿಂದ ಜಾಲಸಂಪರ್ಕಕ್ಕೆ ತಂತಿ ಎಳೆಯುವುದು ಲೇಸು.

ಫ್ಯಾನು: ಹೊರೆ ಹೆಚ್ಚಿರುವ ಬೋರ್ಡುಗಳಿಗೆ, ಮುಖ್ಯವಾಗಿ ಪೈ 5ಕ್ಕೆ, ಫ್ಯಾನು ಅತ್ಯಂತ ಪರಿಣಾಮಕಾರಿ. ಪೈ 5ರಲ್ಲಿ ಫ್ಯಾನು ಸಾಮಾನ್ಯವಾಗಿ 50 ಡಿಗ್ರಿಯಲ್ಲಿ ನಿಧಾನವಾಗಿ ಆರಂಭವಾಗಿ, 60 ಹಾಗೂ 67.5 ಡಿಗ್ರಿಗಳಲ್ಲಿ ವೇಗ ಹೆಚ್ಚಿಸಿಕೊಂಡು, 75 ಡಿಗ್ರಿಯಲ್ಲಿ ಪೂರ್ಣ ವೇಗಕ್ಕೆ ಬರುತ್ತದೆ. ಹಳೆಯ ಮಾದರಿಗಳಿಗೆ ಫ್ಯಾನು ಜೋಡಿಸುವಾಗ ಅದರ ತಂತಿಯನ್ನು ನೇರವಾಗಿ ನಿಯಂತ್ರಣ ಪಿನ್ನಿಗೆ ಕೊಡಬಾರದು. ಆ ಪಿನ್ನು ಅಷ್ಟು ವಿದ್ಯುತ್ತನ್ನು ಹೊರಲಾರದು. ನಡುವೆ ಟ್ರಾನ್ಸಿಸ್ಟರ್ ಬೇಕು. ಅದಿಲ್ಲದ ಫ್ಯಾನನ್ನು 5 ವೋಲ್ಟ್ ಪಿನ್ನಿಗೆ ಜೋಡಿಸಿ ಸದಾ ಓಡುವಂತೆ ಮಾಡಬಹುದು. ಸಂಪೂರ್ಣ ಮುಚ್ಚಿದ ಪೆಟ್ಟಿಗೆಯೊಳಗಿನ ಫ್ಯಾನು ಬಿಸಿ ಗಾಳಿಯನ್ನೇ ತಿರುವಿ ಹಾಕುತ್ತಿರುತ್ತದೆ. ಚಿಪ್ಪಿನ ಶಾಖ ಗಾಳಿಗೆ ಸೇರುತ್ತದೆಯೇ ವಿನಾ ಪೆಟ್ಟಿಗೆಯಿಂದ ಹೊರಹೋಗಲು ಗೋಡೆಯೊಂದೇ ದಾರಿ. ಧೂಳಿರುವ ಕಡೆ ಫ್ಯಾನಿಗೆ ಜಾಲರಿ ಹಾಕಿ ತಿಂಗಳಿಗೊಮ್ಮೆ ಶುಚಿಗೊಳಿಸದಿದ್ದರೆ ಅದೇ ಕಸ ಎಳೆದು ತುಂಬುವ ಯಂತ್ರವಾಗುತ್ತದೆ.

ವೇಗದ ಮಿತಿ: ಪ್ರೊಸೆಸರಿನ ವಿದ್ಯುತ್ ಬಳಕೆ ಅದರ ವೇಗಕ್ಕೆ ಅನುಗುಣವಾಗಿಯೂ, ವಿದ್ಯುತ್ ಒತ್ತಡದ ವರ್ಗಕ್ಕೆ ಅನುಗುಣವಾಗಿಯೂ ಏರುತ್ತದೆ. ವೇಗವನ್ನು ಸ್ವಲ್ಪ ಇಳಿಸಿದರೆ ಒತ್ತಡವನ್ನೂ ಇಳಿಸಬಹುದಾದುದರಿಂದ ಕಾವು ಗಮನಾರ್ಹವಾಗಿ ತಗ್ಗುತ್ತದೆ. ನಿಮಿಷಕ್ಕೊಮ್ಮೆ ತಾಪಮಾನ ದಾಖಲಿಸುವಂತಹ ಹಗುರ ಕೆಲಸಗಳಿಗೆ ಪೂರ್ಣ ವೇಗದ ಅಗತ್ಯವೇ ಇಲ್ಲ. ಗಡಿಬಿಡಿಯಿಲ್ಲದ ಬ್ಯಾಕಪ್ ಮುಂತಾದ ಭಾರದ ಕೆಲಸಗಳನ್ನು ರಾತ್ರಿಗೆ ವರ್ಗಾಯಿಸುವುದೂ ಒಂದು ಉಪಾಯ. ಬುನಾದಿ ತಾಪಮಾನ ಆಗ ತಾನಾಗಿಯೇ ಕಡಿಮೆ ಇರುತ್ತದೆ.

ಕರಾವಳಿಯ ಉದ್ದಿಮೆಗಳು ಒಂದು ಹೆಚ್ಚಿನ ಎಚ್ಚರಿಕೆ ವಹಿಸಬೇಕು. ಮಂಗಳೂರು, ಕಾರವಾರಗಳಂತಹ ಊರುಗಳಲ್ಲಿ ಗಾಳಿಯ ತೇವ ಮತ್ತು ಉಪ್ಪು ಲೋಹದ ಜೋಡಣೆಗಳಿಗೆ ತುಕ್ಕು ಹಿಡಿಸುತ್ತವೆ. ಫ್ಯಾನಿನ ಮೂಲಕ ಹೊರಗಿನ ಗಾಳಿಯನ್ನು ಸತತವಾಗಿ ಎಳೆಯುವುದಕ್ಕಿಂತ ಮುಚ್ಚಿದ ಲೋಹದ ಪೆಟ್ಟಿಗೆ ಅಲ್ಲಿಗೆ ಹೆಚ್ಚು ಸುರಕ್ಷಿತ. ಶೀತಲಗೃಹದ ಒಳಗಿನಿಂದ ಬೋರ್ಡನ್ನು ಹೊರತಂದಾಗ ಅದರ ಮೇಲೆ ನೀರಿನ ಹನಿ ಕೂಡುವುದರಿಂದ, ಅದು ಒಣಗುವ ತನಕ ವಿದ್ಯುತ್ ಕೊಡಬಾರದು.

6. ಖರ್ಚು ಮತ್ತು ಪ್ರತಿಫಲ

ಮೇಲಿನ ವೇಬ್ರಿಜ್‌ನ ಕಲ್ಪಿತ ಉದಾಹರಣೆಯನ್ನೇ ಮುಂದುವರಿಸಿದರೆ, ಮಂದಗತಿಯ ಬೆಲೆಯನ್ನು ಅಂದಾಜು ಮಾಡಬಹುದು. ಬೆಳಿಗ್ಗೆ 20 ಸೆಕೆಂಡಿನಲ್ಲಿ ಸಿದ್ಧವಾಗುವ ಚೀಟಿಗೆ ಬಿಸಿಲೇರಿದ ಮೇಲೆ 35 ಸೆಕೆಂಡು ಬೇಕಾಗುತ್ತದೆ ಎಂದುಕೊಳ್ಳೋಣ. ಆ ಅವಧಿಯಲ್ಲಿ ದಿನಕ್ಕೆ 80 ವಾಹನಗಳು ಬಂದರೆ, ವಾಹನವೊಂದಕ್ಕೆ 15 ಸೆಕೆಂಡಿನಂತೆ 1200 ಸೆಕೆಂಡು, ಅಂದರೆ 20 ನಿಮಿಷ ನಷ್ಟ. ಮಾರ್ಚ್‌ನಿಂದ ಮೇವರೆಗೆ 75 ಕೆಲಸದ ದಿನಗಳಿಗೆ ಇದು 25 ಗಂಟೆಯಾಗುತ್ತದೆ. ಸಿಬ್ಬಂದಿಯ ಸಂಬಳ ಮತ್ತು ವಾಹನಗಳ ಕಾಯುವಿಕೆ ಸೇರಿ ಗಂಟೆಗೆ ರೂ. 400 ಎಂದು ಹಿಡಿದರೆ ಒಂದು ಬೇಸಿಗೆಯ ನಷ್ಟ ರೂ. 10,000. ನಿವಾರಣೆಗೆ ಹೀಟ್ ಸಿಂಕ್, ಫ್ಯಾನುಗಳಿಗೆ ರೂ. 1,200, ನೆರಳು ಮತ್ತು ಕೂಲಿಗೆ ರೂ. 800 ಎಂದು ಅಂದಾಜಿಸಿದರೆ ಒಟ್ಟು ರೂ. 2,000. ಪ್ರತಿಯೊಂದು ಸಂಸ್ಥೆಯೂ ಈ ಜಾಗದಲ್ಲಿ ತನ್ನದೇ ಅಂಕಿಗಳನ್ನು ತುಂಬಿ ನೋಡಬೇಕು.

ಇದೇ ಸಂಸ್ಥೆ ಕಾರಣ ತಿಳಿಯದೆ ಹೆಚ್ಚು ಶಕ್ತಿಯ ಹೊಸ ಬೋರ್ಡು ಕೊಂಡು ಅದೇ ಮುಚ್ಚಿದ ಪೆಟ್ಟಿಗೆಯಲ್ಲಿ, ಅದೇ ಬಿಸಿಲಿನಲ್ಲಿ ಇರಿಸಿದರೆ ಏನಾಗುತ್ತದೆ? ಹೊರೆ ಹೆಚ್ಚಿದಾಗ ಹೊಸ ಬೋರ್ಡು ಹಳೆಯದಕ್ಕಿಂತ ಹೆಚ್ಚು ಕಾವು ಬಿಡುತ್ತದೆ. ಖರ್ಚು ಮಾಡಿಯೂ ದೂರು ಉಳಿಯುತ್ತದೆ.

ವಿದ್ಯುತ್ ಖರ್ಚಿನ ಭಯ ಇಲ್ಲಿ ಅನಗತ್ಯ. 5 ವ್ಯಾಟ್‌ನ ಬೋರ್ಡು ವರ್ಷವಿಡೀ ಹಗಲಿರುಳು ಓಡಿದರೂ 43.8 ಯೂನಿಟ್ ಮಾತ್ರ. 1 ವ್ಯಾಟ್‌ನ ಫ್ಯಾನು ಇದಕ್ಕೆ ಸೇರಿಸುವುದು 8.76 ಯೂನಿಟ್. 60 ವ್ಯಾಟ್ ಬಳಸುವ ಗಣಕಯಂತ್ರವೊಂದು ಅಷ್ಟೇ ಅವಧಿಗೆ 525.6 ಯೂನಿಟ್ ಬಳಸುತ್ತದೆ. ಆದರೆ ಈ ಒಂದು ಬೋರ್ಡಿಗಾಗಿಯೇ ಹವಾನಿಯಂತ್ರಕ ಕೂರಿಸುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ. ಹಾಗೆಯೇ ದಾಖಲೆಯಲ್ಲಿ ತಾಪಮಾನ 65 ಡಿಗ್ರಿ ದಾಟದ, ಥ್ರಾಟ್ಲಿಂಗ್ ಉತ್ತರ ಸೊನ್ನೆಯಿರುವ ಬೋರ್ಡಿಗೆ ಫ್ಯಾನು ಕೊಳ್ಳುವುದೂ ದುಂದು. ಅಳತೆ ಬೇಡವೆಂದಲ್ಲಿ ಖರ್ಚು ಮಾಡದಿರುವುದೂ ಉಳಿತಾಯವೇ.

7. ಲೆಕ್ಕಪತ್ರದಲ್ಲಿ ತೋರಿಸುವ ಕ್ರಮ

ಬೋರ್ಡಿನೊಂದಿಗೆ ಆರಂಭದಲ್ಲಿಯೇ ಕೊಂಡ ಹೀಟ್ ಸಿಂಕ್, ಫ್ಯಾನು, ಪೆಟ್ಟಿಗೆ ಮತ್ತು ಜೋಡಣೆಯ ಕೂಲಿ ಇವು ಆಸ್ತಿಯನ್ನು ಉದ್ದೇಶಿತ ಕೆಲಸಕ್ಕೆ ಸಿದ್ಧಗೊಳಿಸಲು ನೇರವಾಗಿ ತಗಲಿದ ವೆಚ್ಚಗಳಾದುದರಿಂದ, ಲೆಕ್ಕಪತ್ರ ಮಾನಕ 10ರ ಪ್ರಕಾರ ಆಸ್ತಿಯ ಮೂಲ ವೆಚ್ಚಕ್ಕೆ ಸೇರುತ್ತವೆ. ಮುಂದೆ ಕೆಟ್ಟ ಫ್ಯಾನನ್ನು ಬದಲಿಸುವುದು, ಪೇಸ್ಟ್ ಹಚ್ಚಿಸುವುದು ಮುಂತಾದವು ದುರಸ್ತಿ ಮತ್ತು ನಿರ್ವಹಣೆಯಾಗಿ ಲಾಭನಷ್ಟ ಖಾತೆಗೆ ಹೋಗುತ್ತವೆ. ಮೊತ್ತ ತೀರ ಅಲ್ಪವಾಗಿದ್ದಲ್ಲಿ ಪ್ರಾಮುಖ್ಯದ ತತ್ತ್ವದಂತೆ, ಸಂಸ್ಥೆ ಅನುಸರಿಸುತ್ತ ಬಂದಿರುವ ನೀತಿಗೆ ಅನುಗುಣವಾಗಿ, ಆ ವರ್ಷದ ಖರ್ಚಾಗಿಯೇ ತೋರಿಸಬಹುದು.

ಖರೀದಿಗೆ ತೆರಿಗೆ ಬೀಜಕವನ್ನು ತಪ್ಪದೆ ಪಡೆಯಬೇಕು. ಸರಕು ಮತ್ತು ಸೇವಾ ತೆರಿಗೆಯ ಮೊತ್ತವನ್ನೂ ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೆ ಆದಾಯ ತೆರಿಗೆಗಾಗಿ ಸವಕಳಿ ಪಡೆದರೆ, ಆ ತೆರಿಗೆಯ ಹೂಡುವಳಿ ಜಮೆ ದೊರೆಯುವುದಿಲ್ಲ ಎಂಬುದನ್ನು ನೆನಪಿಡಬೇಕು.

ಕಂಪನಿಗಳ ಕಾಯ್ದೆ 2013ರ ಎರಡನೇ ಅನುಸೂಚಿ, ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ನಂತಹ ಬಳಕೆದಾರರ ಉಪಕರಣಗಳಿಗೆ 3 ವರ್ಷ ಹಾಗೂ ಸರ್ವರ್ ಮತ್ತು ಜಾಲ ಉಪಕರಣಗಳಿಗೆ 6 ವರ್ಷ ಉಪಯುಕ್ತ ಆಯುಷ್ಯವನ್ನು ಸೂಚಿಸುತ್ತದೆ. ಈ ಅವಧಿ ಕಾಗದದ ಮೇಲಿನದು. ಕಾವು ಅದನ್ನು ಓದುವುದಿಲ್ಲ. ಅಡಾಪ್ಟರುಗಳಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಆಯುಷ್ಯ, ತಾಪಮಾನ 10 ಡಿಗ್ರಿ ಏರಿದಾಗಲೆಲ್ಲ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ವಿದ್ಯುನ್ಮಾನ ಕ್ಷೇತ್ರದ ಬಳಕೆಯ ಸೂತ್ರ. ಮಾಹಿತಿ ಇರಿಸುವ ಮೆಮೊರಿ ಕಾರ್ಡುಗಳೂ ಸತತ ಕಾವಿನಲ್ಲಿ ಬೇಗ ಬಳಲುತ್ತವೆ. ಎರಡನೇ ವರ್ಷಕ್ಕೇ ಬೋರ್ಡು ಕೈಕೊಟ್ಟರೆ ಪುಸ್ತಕದಲ್ಲಿ ಉಳಿದಿರುವ ಮೌಲ್ಯವನ್ನು ನಷ್ಟಕ್ಕೆ ಬರೆಯಬೇಕಾಗುತ್ತದೆ. ಅದರೊಂದಿಗೆ ಹೋದ ದಾಸ್ತಾನು ದಾಖಲೆಗೆ ಬೆಲೆ ಕಟ್ಟುವುದೂ ಕಷ್ಟ.

8. ಸದಸ್ಯರ ಗಮನಕ್ಕೆ

ಅಳವಡಿಕೆಗೆ ಮುನ್ನ: ಬೋರ್ಡು ಎಲ್ಲಿರುತ್ತದೆ, ಅಲ್ಲಿನ ಬೇಸಿಗೆಯ ಗರಿಷ್ಠ ತಾಪಮಾನ ಎಷ್ಟು ಎಂಬುದನ್ನು ಸರಬರಾಜುದಾರರಿಗೆ ಲಿಖಿತವಾಗಿ ತಿಳಿಸಬೇಕು. ದರಪಟ್ಟಿಯಲ್ಲಿ ಅಡಾಪ್ಟರ್, ಹೀಟ್ ಸಿಂಕ್, ಪೆಟ್ಟಿಗೆಗಳ ಬಾಬು ಪ್ರತ್ಯೇಕವಾಗಿ ನಮೂದಾಗಿರಬೇಕು.

ಅಳವಡಿಕೆಯ ದಿನ: ಪೂರ್ಣ ಹೊರೆಯಲ್ಲಿ ಅರ್ಧ ಗಂಟೆ ಓಡಿಸಿ, ಪೆಟ್ಟಿಗೆಯೊಳಗಿನ ಗಾಳಿ ಮತ್ತು ಚಿಪ್ಪು ಎರಡರ ತಾಪಮಾನವನ್ನೂ ಬರೆದು, ಏರಿಕೆಯನ್ನು ಕಂಡುಹಿಡಿದು ಬೀಜಕದೊಂದಿಗೆ ಕಡತದಲ್ಲಿ ಇಡಬೇಕು. ಆ ಏರಿಕೆಗೆ ಬೇಸಿಗೆಯ ಗರಿಷ್ಠವನ್ನು ಕೂಡಿಸಿದಾಗ ಮೊತ್ತ 75 ಡಿಗ್ರಿಯೊಳಗೆ ಇದ್ದರೆ ನೆಮ್ಮದಿ.

ತೊಂದರೆ ಕಂಡಾಗ: ಆರಿಸುವ ಮುನ್ನ ತಾಪಮಾನ ಮತ್ತು ಥ್ರಾಟ್ಲಿಂಗ್ ಸಂಖ್ಯೆ ಎರಡನ್ನೂ ಬರೆದುಕೊಳ್ಳಬೇಕು. ಅಡಾಪ್ಟರನ್ನೂ ತಂತಿಯನ್ನೂ ಪರೀಕ್ಷಿಸಿದ ನಂತರವೇ ಫ್ಯಾನಿನ ವಿಚಾರ.

ಪ್ರತಿ ವರ್ಷ ಫೆಬ್ರವರಿ ತಿಂಗಳಲ್ಲಿ: ಜಾಲರಿ ಮತ್ತು ರೆಕ್ಕೆಗಳ ಧೂಳು ತೆಗೆಸಿ, ಫ್ಯಾನು ತಿರುಗುತ್ತಿದೆಯೇ ಎಂದು ನೋಡಿ, ಏರಿಕೆಯನ್ನು ಮತ್ತೊಮ್ಮೆ ಅಳೆಯಬೇಕು. ಅಳವಡಿಕೆಯ ದಿನದ ಏರಿಕೆಗಿಂತ ಅದು ಹೆಚ್ಚಾಗಿದ್ದರೆ ತಂಪಿನ ಏರ್ಪಾಡಿನಲ್ಲಿ ಎಲ್ಲಿಯೋ ಕೊರತೆ ಉಂಟಾಗಿದೆ ಎಂದರ್ಥ.

ವರ್ಷಾಂತ್ಯದ ದಾಸ್ತಾನು ಎಣಿಕೆ, ಲೆಕ್ಕ ಮುಕ್ತಾಯ ಮತ್ತು ಕಡು ಬೇಸಿಗೆ ಮೂರೂ ನಮ್ಮ ನಾಡಿನಲ್ಲಿ ಮಾರ್ಚ್ ತಿಂಗಳಿನಲ್ಲಿಯೇ ಒಂದಾಗಿ ಬರುತ್ತವೆ. ಫೆಬ್ರವರಿಯ ಒಂದು ಗಂಟೆಯ ಪರಿಶೀಲನೆಯನ್ನು ಪದ್ಧತಿಯನ್ನಾಗಿ ಮಾಡಿಕೊಂಡ ಸಂಸ್ಥೆಗೆ ಆ ದಿನಗಳಲ್ಲಿ ಯಂತ್ರದ ಮುಂದೆ ಕಾಯುತ್ತ ಕೂರುವ ಪ್ರಮೇಯ ಬಾರದು.